ಆಸಕ್ತಿಯನ್ನು ಅಳೆದ ವಿದ್ಯಾರ್ಥಿ ಪ್ರಬಂಧಗಳು

ಎಂ.ಎಡ್. ಓದುವವರಿಗೆ ಕೊನೆಯ ಎರಡು ಮೂರು ತಿಂಗಳು ಕಷ್ಟದ ಕಾಲ. ಸಂಪ್ರಬಂಧ ಬರೆಯಬೇಕು, ತಿದ್ದಿಸಬೇಕು, ಟೈಪ್ ಮಾಡಿಸಬೇಕು, ಬೈಂಡ್ ಹಾಕಿಸಿ ಒಪ್ಪಿಸಬೇಕು. ಕೆಲವು ವರ್ಷಗಳ ಹಿಂದೆ ಇಂಥ ಒಬ್ಬ ವಿದ್ಯಾರ್ಥಿನಿ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ಪೆಟ್ಟಿಗೆಯ ತುಂಬ ತುಂಬಿಸಿದ ಪ್ರಶ್ನಾವಳಿಗಳು. ಆಕೆಯ ವಿಷಯ ಪದವಿಪೂರ್ವ ವಿದ್ಯಾರ್ಥಿಗಳ ವೃತ್ತಿ ಆಸಕ್ತಿ.

"ಸರ್, ಇಷ್ಟು ಜನಕ್ಕೆ ಯಂತ್ರ ಬಿಚ್ಚಿ ಜೋಡಿಸೋದು ಇಷ್ಟ, ಇಷ್ಟು ಜನಕ್ಕೆ ಇಷ್ಟ ಇಲ್ಲ ಅಂತ ಕೋಷ್ಟಕ ಮಾಡಿದ್ದೀನಿ. ಮುಂದೆ ಏನು ಬರೀಬೇಕು ಅಂತ ಗೊತ್ತಾಗ್ತಾ ಇಲ್ಲ" ಎಂದರು.

"ಇಷ್ಟಪಡುವವರು ಹೆಚ್ಚು ಅಂತ ಬರೆದಿದ್ದೀರಲ್ಲಮ್ಮ, ಯಾರಿಗಿಂತ ಹೆಚ್ಚು?" ಎಂದು ಕೇಳಿದೆ. ಆಕೆ ಸುಮ್ಮನಾದರು. ನನಗೂ ಚುರುಕಾಗಿ ಉತ್ತರ ಹೇಳಲು ಆಗಲಿಲ್ಲ.

ಈ 'ಯಾರಿಗಿಂತ' ಎಂಬ ಪ್ರಶ್ನೆ ಹೊಸದಲ್ಲ. ಸುಮಾರು ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಯ ಎದುರು ಕೆಲವು ವಿದ್ಯಾರ್ಥಿಗಳು ನಿಂತಿದ್ದರು. ಅವರು ಬರೆದ ಪ್ರಬಂಧಗಳಿಂದಲೇ ವೃತ್ತಿ ಆಸಕ್ತಿಯ ಮಾಪನ ಎಂಬ ಶಾಸ್ತ್ರ ಹುಟ್ಟಿತು. ಇಂದು ಶಾಲೆ ಕಾಲೇಜುಗಳಲ್ಲಿ, ಅಂತರಜಾಲದಲ್ಲಿ 'ನಿಮಗೆ ಯಾವ ವೃತ್ತಿ ಸರಿ' ಎಂದು ಹೇಳುವ ಪರೀಕ್ಷೆಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಹೆಚ್ಚಿನವುಗಳ ಮೂಲವನ್ನು ಹುಡುಕುತ್ತ ಹೋದರೆ ಅಮೆರಿಕದ ಒಂದು ತಾಂತ್ರಿಕ ಕಾಲೇಜಿನ ವಿಚಾರಗೋಷ್ಠಿಯ ಕೊಠಡಿಗೆ ಹೋಗಿ ಮುಟ್ಟುತ್ತೇವೆ.

ಬಾಸ್ಟನ್ನಿನ ಕಚೇರಿ

ಅದಕ್ಕಿಂತ ಮೊದಲು ಬಾಸ್ಟನ್ ನಗರಕ್ಕೆ ಹೋಗಬೇಕು. 1908ರ ಜನವರಿಯಲ್ಲಿ ಅಲ್ಲಿ ಒಂದು 'ವೃತ್ತಿ ಕಚೇರಿ' ಬಾಗಿಲು ತೆರೆಯಿತು. ಯೂರೋಪಿನಿಂದ ವಲಸೆ ಬಂದ ಬಡ ಕುಟುಂಬಗಳು ತುಂಬಿದ್ದ ಬಡಾವಣೆ ಅದು. ಹದಿನಾಲ್ಕು ಹದಿನೈದರ ಹುಡುಗರು ಶಾಲೆ ಬಿಟ್ಟು, ಯಾವ ಕೆಲಸ ಮೊದಲು ಸಿಕ್ಕಿತೋ ಅದಕ್ಕೆ ಸೇರಿ, ಆರು ತಿಂಗಳಲ್ಲಿ ಬಿಟ್ಟು, ಮತ್ತೊಂದು ಹುಡುಕುತ್ತಿದ್ದರು. ಇಂಥವರಿಗೆ ಸಲಹೆ ಕೊಡುವುದು ಕಚೇರಿಯ ಉದ್ದೇಶ. ಹಣ ಕೊಟ್ಟವರು ಪಾಲಿನ್ ಅಗಾಸಿ ಶಾ. ಹಿಮಯುಗದ ಕಲ್ಪನೆಯನ್ನು ಪ್ರತಿಪಾದಿಸಿದ ಪ್ರಸಿದ್ಧ ನಿಸರ್ಗ ವಿಜ್ಞಾನಿ ಲೂಯಿ ಅಗಾಸಿಯವರ ಮಗಳು ಈಕೆ.

ಕಚೇರಿಯನ್ನು ನಡೆಸಿದವರು ಫ್ರಾಂಕ್ ಪಾರ್ಸನ್ಸ್. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವರು. ಮುಂದೆ ಶಾಲಾ ಮಾಸ್ತರರಾದರು, ವಕೀಲರಾದರು, ಕಾನೂನು ಬೋಧಿಸಿದರು, ಪುಸ್ತಕಗಳನ್ನು ಬರೆದರು. ತನಗೇ ಒಂದು ವೃತ್ತಿ ನೆಲೆನಿಲ್ಲದ ಮನುಷ್ಯ ಇತರರ ವೃತ್ತಿಯ ಬಗ್ಗೆ ಯೋಚಿಸಲು ತೊಡಗಿದ್ದು ಆಶ್ಚರ್ಯವೇನಲ್ಲ. ಕಚೇರಿ ತೆರೆದ ವರ್ಷವೇ, ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಪುಸ್ತಕ 'ವೃತ್ತಿಯ ಆಯ್ಕೆ' 1909ರಲ್ಲಿ ಹೊರಬಂತು. ಪಾರ್ಸನ್ಸ್ ಹೇಳಿದ್ದು ಮೂರೇ ಮಾತು: ನಿನ್ನನ್ನು ನೀನು ತಿಳಿ, ವೃತ್ತಿಗಳನ್ನು ತಿಳಿ, ಎರಡರ ನಡುವಣ ಸಂಬಂಧವನ್ನು ಸರಿಯಾಗಿ ಯೋಚಿಸು.

ಮಾತೇನೋ ಚೆನ್ನಾಗಿದೆ. 'ನಿನ್ನನ್ನು ನೀನು ತಿಳಿ' ಎಂದರೆ ಹೇಗೆ ತಿಳಿಯುವುದು? ಪಾರ್ಸನ್ಸ್ ಉದ್ದುದ್ದ ಪ್ರಶ್ನೆಗಳ ಪಟ್ಟಿ ಕೊಟ್ಟು ಬರೆಸುತ್ತಿದ್ದರು, ಗಂಟೆಗಟ್ಟಲೆ ಮಾತನಾಡಿಸುತ್ತಿದ್ದರು. ಜೊತೆಗೆ ಎದುರು ಕುಳಿತವನ ತಲೆಯ ಆಕಾರವನ್ನೂ, ಕಿವಿಯ ಮುಂದೆ ಹಿಂದೆ ತಲೆ ಎಷ್ಟು ಬೆಳೆದಿದೆ ಎಂಬುದನ್ನೂ ಗಮನಿಸುತ್ತಿದ್ದರು! ತಲೆಬುರುಡೆಯ ಉಬ್ಬುತಗ್ಗುಗಳಿಂದ ಗುಣ ಹೇಳುವ ಹಳೆಯ ನಂಬಿಕೆಯ ಪಳೆಯುಳಿಕೆ ಇದು. ಅವರನ್ನು ನೋಡಿ ನಗುವುದು ಸುಲಭ. ಆದರೆ ಅವರ ಕೈಯಲ್ಲಿ ಬೇರೆ ಅಳತೆಗೋಲು ಇರಲಿಲ್ಲ ಎಂಬುದನ್ನು ಮರೆಯಬಾರದು. ಹಾರ್ವರ್ಡ್ ವಿಶ್ವವಿದ್ಯಾಲಯ 1911ರಲ್ಲಿ ವೃತ್ತಿ ಮಾರ್ಗದರ್ಶನದ ಬೋಧನೆಯನ್ನು ಆರಂಭಿಸಿತು, 1913ರಲ್ಲಿ ಮಾರ್ಗದರ್ಶಕರ ರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. ಸಂಘ ಬಂತು, ಪಾಠ ಬಂತು. ಅಳತೆಗೋಲು ಮಾತ್ರ ಬರಲಿಲ್ಲ.

ಪಿಟ್ಸ್‌ಬರ್ಗಿನ ಗೋಷ್ಠಿ

ಅಳತೆಗೋಲು ಸಿದ್ಧವಾದದ್ದು ಉಕ್ಕಿನ ನಗರ ಪಿಟ್ಸ್‌ಬರ್ಗಿನ ಕಾರ್ನೆಗಿ ತಾಂತ್ರಿಕ ಸಂಸ್ಥೆಯಲ್ಲಿ. 1915ರಲ್ಲಿ ಅಲ್ಲಿ ಅನ್ವಯಿಕ ಮನಶ್ಶಾಸ್ತ್ರದ ವಿಭಾಗವನ್ನು ತೆರೆದು ವಾಲ್ಟರ್ ಬಿಂಗಮ್ ಅವರನ್ನು ಮುಖ್ಯಸ್ಥರನ್ನಾಗಿ ಕರೆತಂದಿದ್ದರು. ಇಂಜಿನಿಯರಿಂಗ್ ಕಲಿಸುವ ಸಂಸ್ಥೆಗೆ ಮನಶ್ಶಾಸ್ತ್ರ ಏಕೆ ಬೇಕಿತ್ತು? ಸುತ್ತಲಿನ ಕಾರ್ಖಾನೆಗಳಿಗೆ, ವಿಮಾ ಕಂಪನಿಗಳಿಗೆ ಒಳ್ಳೆಯ ಮಾರಾಟಗಾರರನ್ನು ಆರಿಸುವ ಬಗೆ ತಿಳಿಯಬೇಕಿತ್ತು. ಹಣ ಕೊಟ್ಟವರೂ ಅವರೇ. ಅಷ್ಟರಲ್ಲಿ ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿಯಿತು. ಸೇನೆಗೆ ಸೇರಿದ ಲಕ್ಷಾಂತರ ಜನರಲ್ಲಿ ಯಾರನ್ನು ಚಾಲಕನಾಗಿ, ಯಾರನ್ನು ಕಮ್ಮಾರನಾಗಿ, ಯಾರನ್ನು ಗುಮಾಸ್ತನಾಗಿ ಕಳಿಸಬೇಕು ಎಂದು ವಿಂಗಡಿಸುವ ಕೆಲಸ ಈ ಮನಶ್ಶಾಸ್ತ್ರಜ್ಞರ ಮೇಲೆ ಬಿತ್ತು.

ಯುದ್ಧ ಮುಗಿದ ಮೇಲೆ ಸೇನೆಯ ಬುದ್ಧಿ ಪರೀಕ್ಷೆಗಳಲ್ಲಿ ದುಡಿದಿದ್ದ ಕ್ಲಾರೆನ್ಸ್ ಯೋಕಮ್ ಕಾರ್ನೆಗಿಗೆ ಬಂದರು. 1919ರ ಸುಮಾರಿಗೆ ಅವರು ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಒಂದು ವಿಚಾರಗೋಷ್ಠಿ ನಡೆಸಿದರು. ಗೋಷ್ಠಿಯ ವಿಷಯ ಆಸಕ್ತಿ. ಬುದ್ಧಿಯನ್ನು ಅಳೆದಂತೆ ಆಸಕ್ತಿಯನ್ನೂ ಅಳೆಯಬಹುದೆ? ವಿದ್ಯಾರ್ಥಿಗಳು ಕುಳಿತು ಮನುಷ್ಯ ಇಷ್ಟಪಡಬಹುದಾದ, ಪಡದಿರಬಹುದಾದ ಸಂಗತಿಗಳನ್ನು ಪಟ್ಟಿ ಮಾಡಿದರು. ಕೆಲಸಗಳು, ಆಟಗಳು, ಪಠ್ಯ ವಿಷಯಗಳು, ಪತ್ರಿಕೆಗಳು, ಮನುಷ್ಯರ ಸ್ವಭಾವಗಳು ಹೀಗೆ ಸುಮಾರು ಸಾವಿರ ಅಂಶಗಳಾದವು. ಪ್ರತಿಯೊಂದಕ್ಕೂ ಇಷ್ಟ, ಉದಾಸೀನ, ಇಷ್ಟವಿಲ್ಲ ಎಂಬ ಮೂರು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು, ಅಷ್ಟೇ.

ಈ ರಾಶಿಯಿಂದ ತನಗೆ ಬೇಕಾದಷ್ಟನ್ನು ತೆಗೆದುಕೊಂಡು ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಪ್ರಬಂಧಕ್ಕೆ ಹೊರಟದ್ದು ಈ ಇತಿಹಾಸದ ಸ್ವಾರಸ್ಯದ ಭಾಗ. ಬ್ರೂಸ್ ಮೂರ್ ಎಂಬವರು ವೆಸ್ಟಿಂಗ್‌ಹೌಸ್ ವಿದ್ಯುತ್ ಕಂಪನಿಗೆ ಸೇರಿದ್ದ ಇಂಜಿನಿಯರಿಂಗ್ ಪದವೀಧರರನ್ನು ಆರಿಸಿಕೊಂಡರು. ಎಲ್ಲರ ಪದವಿಯೂ ಒಂದೇ, ಬುದ್ಧಿಯೂ ಹೆಚ್ಚು ಕಡಮೆ ಒಂದೇ. ಆದರೆ ಕೆಲವರು ವಿನ್ಯಾಸದ ಮೇಜಿನ ಮುಂದೆ ಕುಳಿತು ಸುಖವಾಗಿರುತ್ತಾರೆ, ಕೆಲವರು ಊರೂರು ತಿರುಗಿ ಯಂತ್ರ ಮಾರುವುದರಲ್ಲಿ. ಇವರಿಬ್ಬರನ್ನೂ ಇಷ್ಟಾನಿಷ್ಟಗಳಿಂದ ಬೇರ್ಪಡಿಸಲು ಸಾಧ್ಯವೆ? ಸಾಧ್ಯ ಎಂದು ಮೂರ್ ತೋರಿಸಿದರು. 1921ರಲ್ಲಿ ಅವರಿಗೆ ದೊರೆತ ಪಿಎಚ್.ಡಿ.ಯನ್ನು ಔದ್ಯಮಿಕ ಮನಶ್ಶಾಸ್ತ್ರದ ಮೊದಲ ಪಿಎಚ್.ಡಿ. ಎಂದು ಗಣಿಸುತ್ತಾರೆ. ಮ್ಯಾಕ್ಸ್ ಫ್ರೇಡ್ ಯಂತ್ರದ ಕಡೆ ಒಲವಿದ್ದವರನ್ನೂ ಜನರ ಕಡೆ ಒಲವಿದ್ದವರನ್ನೂ ಹೋಲಿಸಿದರು. ಮೆರಿಲ್ ರೀಮ್ ಮಾರಾಟದಲ್ಲಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿದರು.

ಇವು ಯಾವುವೂ ಭಾರಿ ಸಿದ್ಧಾಂತಗಳಲ್ಲ. 'ಮಾನವನ ವೃತ್ತಿ ಆಸಕ್ತಿಯ ಸ್ವರೂಪ' ಎಂಬಂಥ ತಲೆಬರಹ ಯಾರೂ ಇಟ್ಟುಕೊಂಡಿರಲಿಲ್ಲ. ಈ ಗುಂಪು, ಆ ಗುಂಪು. ಎರಡರ ನಡುವೆ ವ್ಯತ್ಯಾಸ ಇದೆಯೆ ಇಲ್ಲವೆ? ಎರಡು ವರ್ಷದಲ್ಲಿ ಮುಗಿಸಬಹುದಾದಷ್ಟು ಪ್ರಶ್ನೆ. ಅದಕ್ಕೇ ಮುಗಿಸಿದರು ಎಂದು ನನ್ನ ಅನಿಸಿಕೆ.

ಸಾಮಾನ್ಯ ಮನುಷ್ಯ ಯಾರು?

ಕಾರ್ನೆಗಿಯಲ್ಲಿ ಆಗ ಎಡ್ವರ್ಡ್ ಸ್ಟ್ರಾಂಗ್ ಎಂಬ ಅಧ್ಯಾಪಕರಿದ್ದರು. 1884ರಲ್ಲಿ ಹುಟ್ಟಿದವರು. ಓದಿದ್ದು ಜೀವವಿಜ್ಞಾನ, ಕೆಲಕಾಲ ಕೆಲಸ ಮಾಡಿದ್ದು ಅರಣ್ಯ ಇಲಾಖೆಯಲ್ಲಿ, 1911ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದದ್ದು ಜಾಹೀರಾತುಗಳ ಮೇಲೆ! 1923ರಲ್ಲಿ ಅವರು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದಾಗ ಗೋಷ್ಠಿಯ ಪ್ರಶ್ನೆಗಳೂ ಅವರ ಜೊತೆಗೆ ಹೋದವು. ಅಲ್ಲಿ ಅವರ ವಿದ್ಯಾರ್ಥಿ ಕಾರ್ಲ್ ಕೌಡರಿ ಪ್ರಬಂಧಕ್ಕಾಗಿ ಮೂರು ವೃತ್ತಿಗಳನ್ನು ತೆಗೆದುಕೊಂಡರು: ವೈದ್ಯರು, ವಕೀಲರು, ಇಂಜಿನಿಯರುಗಳು. ಮೂರು ಗುಂಪುಗಳೂ ಇಷ್ಟಾನಿಷ್ಟಗಳಲ್ಲಿ ಸ್ಪಷ್ಟವಾಗಿ ಬೇರೆ ಬೇರೆಯಾದವು. ವೃತ್ತಿಗೆ ನೇರ ಸಂಬಂಧವಿಲ್ಲದ ಪ್ರಶ್ನೆಗಳಲ್ಲೂ ವ್ಯತ್ಯಾಸ ಕಾಣಿಸಿತು. ವೈದ್ಯನಿಗೆ ರೋಗಿಯನ್ನು ನೋಡುವುದು ಇಷ್ಟ ಎನ್ನುವುದರಲ್ಲಿ ಹೊಸದೇನಿದೆ? ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ, ಎಂಥವರ ಸಹವಾಸ ಹಿಡಿಸುತ್ತದೆ ಎಂಬ ಪ್ರಶ್ನೆಗಳಿಗೂ ಒಂದೊಂದು ವೃತ್ತಿಯವರ ಉತ್ತರ ಒಂದೊಂದು ಬಗೆಯಾಗಿತ್ತು.

ಕೌಡರಿಯ ಪ್ರಬಂಧವನ್ನು ಓದಿದ ಸ್ಟ್ರಾಂಗ್ ಅವರಿಗೆ ಅದರ ಸಾಧ್ಯತೆಯೂ ಕಂಡಿತು, ಕೊರತೆಯೂ ಕಂಡಿತು. ವಕೀಲರನ್ನು ವೈದ್ಯರೊಂದಿಗೆ, ಇಂಜಿನಿಯರುಗಳೊಂದಿಗೆ ಹೋಲಿಸಿದ್ದಾಯಿತು. ನಾಳೆ ರಸಾಯನ ವಿಜ್ಞಾನಿಗಳನ್ನು ಸೇರಿಸಿದರೆ? ಪತ್ರಕರ್ತರನ್ನು? ಪ್ರತಿ ಜೋಡಿಯನ್ನೂ ಹೋಲಿಸುತ್ತ ಹೋದರೆ ಹತ್ತು ವೃತ್ತಿಗಳಿಗೆ 45 ಹೋಲಿಕೆ, ಐವತ್ತು ವೃತ್ತಿಗಳಿಗೆ 1225. ಹಾಗಾಗಿ ಎಲ್ಲ ವೃತ್ತಿಗಳನ್ನೂ ಅಳೆಯಲು ಒಂದೇ ನೆಲಗಟ್ಟು ಬೇಕು. ಬೆಟ್ಟಗಳ ಎತ್ತರವನ್ನು ಒಂದರೊಡನೊಂದು ಹೋಲಿಸದೆ ಸಮುದ್ರಮಟ್ಟದಿಂದ ಅಳೆಯುತ್ತೇವಲ್ಲ, ಹಾಗೆ. ಈ ಸಮುದ್ರಮಟ್ಟಕ್ಕೆ ಸ್ಟ್ರಾಂಗ್ 'ಸಾಮಾನ್ಯ ಪುರುಷರು' ಎಂದು ಹೆಸರಿಟ್ಟರು. ಬೇರೆ ಬೇರೆ ಉದ್ಯೋಗಗಳಲ್ಲಿರುವ ಗಂಡಸರ ಒಂದು ಬೆರಕೆ ಗುಂಪು ಅದು.

ಲೆಕ್ಕ ಹೇಗೆ ಎಂದು ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾನು ಕಲ್ಪಿಸಿದವು. 'ಗಡಿಯಾರ ರಿಪೇರಿ' ಎಂಬ ಅಂಶಕ್ಕೆ ನೂರು ಇಂಜಿನಿಯರುಗಳಲ್ಲಿ 60 ಜನ 'ಇಷ್ಟ' ಎಂದರು, ನೂರು ಸಾಮಾನ್ಯರಲ್ಲಿ 35 ಜನ ಎಂದರು ಎನ್ನಿ. ವ್ಯತ್ಯಾಸ 25. ಆದ್ದರಿಂದ ಈ ಉತ್ತರಕ್ಕೆ ಇಂಜಿನಿಯರ್ ಮಾನದಲ್ಲಿ ಧನ ತೂಕ. 'ಭಾಷಣ ಮಾಡುವುದು' ಎಂಬುದಕ್ಕೆ ಇಂಜಿನಿಯರುಗಳಲ್ಲಿ 20 ಜನ, ಸಾಮಾನ್ಯರಲ್ಲಿ 40 ಜನ 'ಇಷ್ಟ' ಎಂದಿದ್ದರೆ ಅದಕ್ಕೆ ಋಣ ತೂಕ. 'ಸಿಹಿ ತಿನ್ನುವುದು' ಎಂಬುದನ್ನು ಎರಡೂ ಗುಂಪಿನಲ್ಲಿ 80 ಜನ ಇಷ್ಟಪಟ್ಟರೆ? ತೂಕ ಸೊನ್ನೆ. ಅದು ಎಲ್ಲರಿಗೂ ಇಷ್ಟ. ಇಂಜಿನಿಯರನ್ನು ಗುರುತಿಸಲು ಅದರಿಂದ ಉಪಯೋಗವಿಲ್ಲ. ಹೀಗೆ ನಾನೂರಕ್ಕೂ ಹೆಚ್ಚು ಅಂಶಗಳಿಗೆ, ಪ್ರತಿಯೊಂದರ ಮೂರು ಉತ್ತರಗಳಿಗೂ ಬೇರೆ ಬೇರೆಯಾಗಿ ತೂಕ ಕಟ್ಟಿ, ಹುಡುಗ ಕೊಟ್ಟ ಉತ್ತರಗಳ ತೂಕವನ್ನೆಲ್ಲ ಕೂಡಿದರೆ ಅದು ಅವನ 'ಇಂಜಿನಿಯರ್ ಅಂಕ'. ಅದೇ ಉತ್ತರಪತ್ರಿಕೆಯನ್ನು ವಕೀಲರ ತೂಕಗಳಿಂದ ಲೆಕ್ಕ ಹಾಕಿದರೆ 'ವಕೀಲ ಅಂಕ'.

ಗಮನಿಸಿ, ಗಡಿಯಾರ ಇಷ್ಟಪಡುವವನು ಒಳ್ಳೆಯ ಇಂಜಿನಿಯರ್ ಆಗುತ್ತಾನೆ ಎಂದು ಇಲ್ಲಿ ಎಲ್ಲೂ ಹೇಳಿಲ್ಲ. ಇಂಜಿನಿಯರುಗಳಿಗೆ ಗಡಿಯಾರ ಏಕೆ ಇಷ್ಟ ಎಂಬ ವಿವರಣೆಯೂ ಇಲ್ಲ. ಆ ವೃತ್ತಿಯಲ್ಲಿ ನೆಲೆನಿಂತವರ ಉತ್ತರಕ್ಕೂ ನಿನ್ನ ಉತ್ತರಕ್ಕೂ ಎಷ್ಟು ಹೋಲಿಕೆ ಎಂಬುದಷ್ಟೇ ಮಾತು. ಕೊನೆಗೆ ಹುಡುಗನ ಕೈಗೆ ಎ, ಬಿ, ಸಿ ಎಂಬ ಶ್ರೇಣಿಗಳು ಸಿಗುತ್ತಿದ್ದವು. ಆ ವೃತ್ತಿಯವರಲ್ಲೇ ಸುಮಾರು 69 ಪ್ರತಿಶತ ಜನ ತಲಪುವ ಮಟ್ಟವನ್ನು ಹುಡುಗನೂ ತಲಪಿದರೆ ಅವನಿಗೆ 'ಎ'.

ಸ್ಟ್ರಾಂಗ್ ಅವರ ಪ್ರಶ್ನಾವಳಿ 1927ರಲ್ಲಿ ಪ್ರಕಟವಾಯಿತು. ಕೈಯಲ್ಲಿ ಅಂಕ ಕೂಡುವುದು ದಣಿಸುವ ಕೆಲಸ. ಒಬ್ಬ ಹುಡುಗನ ಒಂದು ವೃತ್ತಿಯ ಅಂಕಕ್ಕೆ ನಾನೂರು ಧನ ಋಣ ಸಂಖ್ಯೆಗಳನ್ನು ಕೂಡಬೇಕು, ಮೂವತ್ತು ವೃತ್ತಿಗಳಿದ್ದರೆ ಹನ್ನೆರಡು ಸಾವಿರ. 1946ರಲ್ಲಿ ಎಲ್ಮರ್ ಹ್ಯಾಂಕಿಸ್ ಎಂಬ ಇಂಜಿನಿಯರ್ ಈ ಒಂದು ಪರೀಕ್ಷೆಯ ಅಂಕ ಎಣಿಸಲೆಂದೇ ವಿದ್ಯುತ್ ಯಂತ್ರವೊಂದನ್ನು ಕಟ್ಟಿದರು. ಆ ಮೇಲೆ ಇದು ದೇಶವ್ಯಾಪಿಯಾಯಿತು.

ಆದರೆ ಸಮುದ್ರಮಟ್ಟದ ಹೋಲಿಕೆ ಪೂರ್ತಿ ಸರಿಯಲ್ಲ. ಸಮುದ್ರಮಟ್ಟ ಒಂದೇ. 'ಸಾಮಾನ್ಯ ಪುರುಷರು' ಹಾಗಲ್ಲ. ಬೆರಕೆ ಗುಂಪಿನಲ್ಲಿ ಕೂಲಿಕಾರರು ಹೆಚ್ಚಿದ್ದರೆ ವೈದ್ಯ, ವಕೀಲ, ಇಂಜಿನಿಯರ್ ಮೂವರೂ ಅವರಿಂದ ಬಹಳ ದೂರ, ತಮ್ಮತಮ್ಮಲ್ಲಿ ಬಹಳ ಹತ್ತಿರ ಕಾಣುತ್ತಾರೆ. ದೂರದಿಂದ ನೋಡಿದಾಗ ಬೆಟ್ಟದ ಸಾಲೆಲ್ಲ ಒಂದೇ ನೀಲಿ ಕಂಡಂತೆ. ಬೆರಕೆ ಗುಂಪಿನಲ್ಲಿ ಓದಿದವರೇ ಹೆಚ್ಚಿದ್ದರೆ ಈ ಮೂವರ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಸ್ಟ್ರಾಂಗ್ ಇದನ್ನು ಸ್ವತಃ ಪರೀಕ್ಷಿಸಿದರು, ಬೇರೆ ಬೇರೆ ಬೆರಕೆ ಗುಂಪುಗಳನ್ನು ಕಟ್ಟಿ ಹೋಲಿಸಿದರು, 1943ರ ತಮ್ಮ ದೊಡ್ಡ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದರು. ಯಾರನ್ನು 'ಸಾಮಾನ್ಯ' ಎನ್ನುತ್ತೇವೆಯೋ ಅದರ ಮೇಲೆ ಉತ್ತರ ನಿಂತಿದೆ ಎಂಬುದು ಅವರಿಗೆ ಗೊತ್ತಿತ್ತು.

ಹದಿನೆಂಟು ವರ್ಷ ಕಾದು ನೋಡಿದ್ದು

ಪ್ರಬಂಧ ಎರಡು ವರ್ಷಕ್ಕೆ ಮುಗಿಯುತ್ತದೆ. ವೃತ್ತಿ ಎರಡು ವರ್ಷಕ್ಕೆ ಮುಗಿಯುವುದಿಲ್ಲ. ಹುಡುಗ ಇಂದು 'ಎ' ಪಡೆದ. ಅವನು ನಿಜವಾಗಿ ಅದೇ ವೃತ್ತಿಗೆ ಹೋಗುತ್ತಾನೆಯೆ? ಹೋದರೆ ಉಳಿಯುತ್ತಾನೆಯೆ? ತಿಳಿಯಲು ಕಾಯುವುದಲ್ಲದೆ ಬೇರೆ ದಾರಿಯಿಲ್ಲ. 1927ರಿಂದ 1930ರವರೆಗೆ ಸ್ಟ್ಯಾನ್‌ಫರ್ಡಿನಲ್ಲಿ ಉತ್ತರಪತ್ರಿಕೆ ತುಂಬಿದ್ದ ವಿದ್ಯಾರ್ಥಿಗಳನ್ನು ಸ್ಟ್ರಾಂಗ್ 1949ರಲ್ಲಿ ಮತ್ತೆ ಹುಡುಕಿ ಹೊರಟರು. ನಡುವೆ ಆರ್ಥಿಕ ಮಹಾಕುಸಿತ ಬಂದುಹೋಗಿತ್ತು, ಎರಡನೆಯ ಮಹಾಯುದ್ಧ ಮುಗಿದಿತ್ತು. ಆರುನೂರಕ್ಕೂ ಹೆಚ್ಚು ಜನ ಸಿಕ್ಕರು. 1955ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಸ್ಟ್ರಾಂಗ್ ಅವರಿಗೆ ಎಪ್ಪತ್ತು ದಾಟಿತ್ತು. ಅಂದಿನ ಅಂಕಕ್ಕೂ ಹದಿನೆಂಟು ವರ್ಷದ ನಂತರದ ವೃತ್ತಿಗೂ ಗಣನೀಯ ಸಂಬಂಧವಿತ್ತು. ಕಾಲೇಜು ವಯಸ್ಸಿನಲ್ಲಿ ರೂಪುಗೊಂಡ ಆಸಕ್ತಿ ಎರಡು ದಶಕಗಳ ನಂತರವೂ ಹೆಚ್ಚಾಗಿ ಹಾಗೇ ಉಳಿದಿರುತ್ತದೆ ಎಂಬುದೂ ಅವರ ಅಧ್ಯಯನಗಳಿಂದ ತಿಳಿಯಿತು. ಹದಿನಾಲ್ಕರ ಹುಡುಗರಲ್ಲಿ ಇಷ್ಟು ಸ್ಥಿರತೆ ಇಲ್ಲ. ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ವಿಜ್ಞಾನವೋ ವಾಣಿಜ್ಯವೋ ಎಂದು ಮಕ್ಕಳನ್ನು ಕೇಳುವ ನಾವು ಈ ಮಾತನ್ನು ತುಸು ಯೋಚಿಸಬೇಕು.

ಇದೇ ಕಾಲದಲ್ಲಿ ಇನ್ನೊಂದು ಕಡೆಯಿಂದ ತಣ್ಣೀರು ಬಿತ್ತು. ಕೊಲಂಬಿಯದ ಎಡ್ವರ್ಡ್ ಥಾರ್ನ್‌ಡೈಕ್ ಅವರ ಹೆಸರನ್ನು ಬಿ.ಎಡ್. ಓದಿದವರೆಲ್ಲ ಕಲಿಕೆಯ ನಿಯಮಗಳಲ್ಲಿ ಕೇಳಿರುತ್ತಾರೆ. ಅವರು ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹದಿನಾಲ್ಕನೆಯ ವಯಸ್ಸಿನಿಂದ ಹಲವು ವರ್ಷ ಹಿಂಬಾಲಿಸಿ, ಶಾಲೆಯ ಪರೀಕ್ಷೆಗಳು ಮುಂದಿನ ವೃತ್ತಿಯ ಯಶಸ್ಸನ್ನು ಮುನ್ಸೂಚಿಸುವುದು ಬಹಳ ಕಡಮೆ ಎಂದು 1934ರಲ್ಲಿ ಬರೆದರು. ಕಾಲು ಶತಮಾನದ ನಂತರ ಅವರ ಮಗ ರಾಬರ್ಟ್ ಥಾರ್ನ್‌ಡೈಕ್, ಎಲಿಜಬೆತ್ ಹೇಗನ್ ಅವರೊಂದಿಗೆ, 1943ರಲ್ಲಿ ವಾಯುಪಡೆಯ ಪರೀಕ್ಷೆ ತೆಗೆದುಕೊಂಡಿದ್ದ ಹತ್ತು ಸಾವಿರ ಜನರ ಮುಂದಿನ ಬದುಕನ್ನು ಜಾಲಾಡಿದರು. 1959ರಲ್ಲಿ ಬಂದ ಅವರ ಪುಸ್ತಕದ ತೀರ್ಮಾನವೂ ಹೆಚ್ಚು ಕಡಮೆ ಅದೇ: ಯಾರು ಯಾವ ವೃತ್ತಿಯಲ್ಲಿದ್ದಾರೆ ಎಂಬುದಕ್ಕೂ ಅಂಕಗಳಿಗೂ ಸಂಬಂಧವಿದೆ, ಆ ವೃತ್ತಿಯೊಳಗೆ ಯಾರು ಗೆದ್ದರು ಎಂಬುದಕ್ಕೆ ಸಂಬಂಧ ಇಲ್ಲವೆನ್ನುವಷ್ಟು ಕಡಮೆ. ತಂದೆ ಮಗ ಇಬ್ಬರೂ ಪರೀಕ್ಷೆಗಳನ್ನು ರಚಿಸಿಯೇ ಹೆಸರಾದವರು. ತಮ್ಮ ಸರಕಿನ ಮಿತಿಯನ್ನು ತಾವೇ ಅಚ್ಚುಮಾಡಿಸಿದ್ದು ಸಣ್ಣ ಮಾತಲ್ಲ.

ನೀಲಿ ಹಾಳೆ, ಗುಲಾಬಿ ಹಾಳೆ

'ಸಾಮಾನ್ಯ ಪುರುಷರು' ಎಂದೆವಲ್ಲ, ಹಾಗಾದರೆ ಹೆಂಗಸರು? 1933ರಲ್ಲಿ ಸ್ಟ್ರಾಂಗ್ ಮಹಿಳೆಯರಿಗಾಗಿ ಪ್ರತ್ಯೇಕ ಪ್ರಶ್ನಾವಳಿ ತಂದರು. ಮುಂದೆ ಗಂಡಸರದು ನೀಲಿ, ಹೆಂಗಸರದು ಗುಲಾಬಿ ಎಂದು ರೂಢಿಯಾಯಿತು. ಅಂಶಗಳು ಬೇರೆ, ಹೋಲಿಸುವ ವೃತ್ತಿಗಳೂ ಬೇರೆ. ಗುಲಾಬಿ ಹಾಳೆಯಲ್ಲಿ ದಾದಿ, ಶೀಘ್ರಲಿಪಿಗಾರ್ತಿ, ಗೃಹಿಣಿ ಇಂಥವಕ್ಕೆ ಮಾನಗಳು. ಕಾರಣ ತಾಂತ್ರಿಕ. ಒಂದು ವೃತ್ತಿಗೆ ಮಾನ ಕಟ್ಟಲು ಆ ವೃತ್ತಿಯಲ್ಲಿರುವ ನೂರಾರು ಮಂದಿ ಬೇಕು. ಮಹಿಳಾ ಇಂಜಿನಿಯರುಗಳು ಅಷ್ಟು ಮಂದಿ ಇಲ್ಲದಿದ್ದರೆ ಮಾನ ಕಟ್ಟಲಾಗದು. ಮಾನ ಇಲ್ಲದ ಕಾರಣ ಹುಡುಗಿಯ ವರದಿಯಲ್ಲಿ ಇಂಜಿನಿಯರ್ ಎಂಬ ಸಾಲೇ ಇರುವುದಿಲ್ಲ. ಸಾಲು ಇಲ್ಲದ ಕಾರಣ ಆಕೆ ಅತ್ತ ಹೋಗುವುದಿಲ್ಲ. ಹೋಗದ ಕಾರಣ ಮುಂದಿನ ಪರಿಷ್ಕರಣೆಗೂ ಮಂದಿ ಸಾಲದು! ಕೆಟ್ಟ ಉದ್ದೇಶ ಯಾರಲ್ಲೂ ಇರಬೇಕಾಗಿಲ್ಲ. ಚಕ್ರ ತಾನಾಗಿ ತಿರುಗುತ್ತದೆ.

1970ರ ದಶಕದ ಆರಂಭದಲ್ಲಿ ಮಾರ್ಗದರ್ಶಕರೇ ಇದನ್ನು ಬಲವಾಗಿ ಆಕ್ಷೇಪಿಸಿದರು. ಸ್ಟ್ರಾಂಗ್ 1963ರಲ್ಲಿ ತೀರಿಕೊಂಡಿದ್ದರು. ಕೆಲಸವನ್ನು ಮುಂದುವರಿಸಿದ್ದ ಮಿನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಕ್ಯಾಂಬೆಲ್ 1974ರಲ್ಲಿ ಎರಡೂ ಹಾಳೆಗಳನ್ನು ಬೆರೆಸಿ ಒಂದೇ ಪ್ರಶ್ನಾವಳಿ ಮಾಡಿದರು.

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. 1930ರ ದಶಕದ ಆರಂಭದಲ್ಲಿ ಸ್ಟ್ರಾಂಗ್ ಕ್ಯಾಲಿಫೋರ್ನಿಯದಲ್ಲೇ ಹುಟ್ಟಿ ಬೆಳೆದ ಜಪಾನಿ ಮೂಲದ ಯುವಕರನ್ನು ಅಧ್ಯಯನ ಮಾಡಿದರು. ಅವರ ವೃತ್ತಿ ಆಸಕ್ತಿಗಳು ಬಿಳಿಯ ಯುವಕರ ಆಸಕ್ತಿಗಳಂತೆಯೇ ಇದ್ದವು. ಆದರೆ ಕಾಲೇಜು ಪದವಿ ಪಡೆದು ಹೊರಬಂದವರಿಗೆ ಬಿಳಿಯರ ಕಂಪನಿಗಳ ಬಾಗಿಲು ಮುಚ್ಚಿತ್ತು. ಅವರು ತಮ್ಮವರದೇ ತೋಟಗಳಿಗೆ, ಹಣ್ಣಿನ ಅಂಗಡಿಗಳಿಗೆ ಹಿಂತಿರುಗುತ್ತಿದ್ದರು. 1934ರಲ್ಲಿ ಸ್ಟ್ರಾಂಗ್ ಇದರ ಮೇಲೆ ಪುಸ್ತಕ ಬರೆದರು. ಪಾರ್ಸನ್ಸ್ ಹೇಳಿದ ಮೂರು ಮಾತುಗಳಲ್ಲಿ ಇದಕ್ಕೆ ಸ್ಥಳವೇ ಇರಲಿಲ್ಲ. ತನ್ನನ್ನು ತಿಳಿದ ಹುಡುಗ, ವೃತ್ತಿಯನ್ನು ತಿಳಿದ ಹುಡುಗ, ಸರಿಯಾಗಿ ಯೋಚಿಸಿದ ಹುಡುಗ. ಆದರೂ ಕೆಲಸ ಸಿಗಲಿಲ್ಲ. 1942ರಲ್ಲಿ ಅಮೆರಿಕದ ಸರ್ಕಾರ ಪಶ್ಚಿಮ ಕರಾವಳಿಯ ಇಂಥ ಕುಟುಂಬಗಳನ್ನೆಲ್ಲ ಮುಳ್ಳುತಂತಿಯ ಶಿಬಿರಗಳಿಗೆ ಕಳಿಸಿತು.

ಹವ್ಯಾಸ, ತೈಲಚಿತ್ರ, ತರಬೇತಿ

ಸ್ಟ್ರಾಂಗ್ ಪ್ರಶ್ನಾವಳಿ ಹೊಸ ಪ್ರಬಂಧಗಳಿಗೂ ಸಲಕರಣೆಯಾಯಿತು. ಡೊನಾಲ್ಡ್ ಸೂಪರ್ 1940ರಲ್ಲಿ ಕೊಲಂಬಿಯದಲ್ಲಿ ಮುಗಿಸಿದ ಪ್ರಬಂಧ ಹವ್ಯಾಸಗಳ ಮೇಲೆ. ಅಂಚೆಚೀಟಿ ಸಂಗ್ರಹಿಸುವವರು, ಛಾಯಾಚಿತ್ರ ತೆಗೆಯುವವರು, ಯಂತ್ರಗಳ ಚಿಕ್ಕ ಮಾದರಿ ಕಟ್ಟುವವರು, ಸಂಗೀತದ ಹವ್ಯಾಸಿಗಳು, ಇವರಿಗೆಲ್ಲ ಪ್ರಶ್ನಾವಳಿ ಕೊಟ್ಟು ಹವ್ಯಾಸಕ್ಕೂ ವೃತ್ತಿ ಆಸಕ್ತಿಗೂ ಇರುವ ನಂಟನ್ನು ಹುಡುಕಿದರು. ಮುಂದೆ ಇದೇ ಸೂಪರ್, ವೃತ್ತಿ ಎಂಬುದು ಒಂದು ದಿನದ ಆಯ್ಕೆಯಲ್ಲ, ಬಾಲ್ಯದಿಂದ ಮುಪ್ಪಿನವರೆಗಿನ ಬೆಳವಣಿಗೆ ಎಂದು ವಾದಿಸಿ ಪ್ರಸಿದ್ಧರಾದರು. 'ವೃತ್ತಿ ಮಾರ್ಗದರ್ಶನ' ಎಂಬ ಹಳೆಯ ಮಾತಿನ ಜಾಗಕ್ಕೆ 'ವೃತ್ತಿ ವಿಕಾಸ' ಎಂಬ ಮಾತು ಬಂದದ್ದರಲ್ಲಿ ಅವರ ಪಾಲು ದೊಡ್ಡದು. 1951ರಲ್ಲಿ ನ್ಯೂಯಾರ್ಕ್ ರಾಜ್ಯದ ಮಿಡ್ಲ್‌ಟೌನ್ ಎಂಬ ಊರಿನ ಎಂಟು ಒಂಬತ್ತನೆಯ ತರಗತಿ ಹುಡುಗರನ್ನು ಹಿಡಿದು ಹಲವು ವರ್ಷ ಅಧ್ಯಯನ ಮಾಡಿದರು. ಒಂಬತ್ತನೆಯ ತರಗತಿಯಲ್ಲಿ ಹುಡುಗ ಯಾವ ವೃತ್ತಿಯ ಹೆಸರು ಹೇಳುತ್ತಾನೆ ಎಂಬುದು ಅಷ್ಟು ಮುಖ್ಯವಲ್ಲ, ಮುಂದಿನದನ್ನು ಯೋಜಿಸುವ ಅಭ್ಯಾಸ ಅವನಲ್ಲಿ ಎಷ್ಟು ಬೆಳೆದಿದೆ ಎಂಬುದು ಮುಖ್ಯ ಎಂಬ ನಿಲುವಿಗೆ ಬಂದರು.

ಜಾನ್ ಹಾಲೆಂಡ್ 1952ರಲ್ಲಿ ಮಿನೆಸೋಟದಲ್ಲಿ ಮುಗಿಸಿದ ಪ್ರಬಂಧ ತೈಲಚಿತ್ರಗಳಿಗೂ ಚಿತ್ರಕಾರನ ವ್ಯಕ್ತಿತ್ವಕ್ಕೂ ಇರುವ ಸಂಬಂಧದ ಬಗ್ಗೆ. ಯುದ್ಧಕಾಲದಲ್ಲಿ ಸೇನೆಗೆ ಸೇರಲು ಬಂದವರನ್ನು ಸಂದರ್ಶಿಸಿದ್ದ ಅವರಿಗೆ ಜನರ ಉದ್ಯೋಗ ಚರಿತ್ರೆಗಳು ಕೆಲವೇ ಅಚ್ಚುಗಳಲ್ಲಿ ಬೀಳುತ್ತವೆ ಎನ್ನಿಸಿತ್ತು. 1959ರಲ್ಲಿ ಅವರು ಆರು ಮಾದರಿಗಳ ಸಿದ್ಧಾಂತ ಮಂಡಿಸಿದರು: ಕೈಕೆಲಸದವರು, ಶೋಧಕರು, ಕಲಾವಂತರು, ಜನಸಂಪರ್ಕದವರು, ಉದ್ಯಮಶೀಲರು, ಕಡತದವರು ಎಂದು ಸರಳವಾಗಿ ಹೇಳಬಹುದು. ಹತ್ತು ವರ್ಷದ ನಂತರ ಇವನ್ನು ಷಟ್ಕೋನದ ಆರು ಮೂಲೆಗಳಲ್ಲಿ ಇಟ್ಟು ತೋರಿಸಿದರು. ಅಕ್ಕಪಕ್ಕದ ಮೂಲೆಗಳಿಗೆ ಹೋಲಿಕೆ ಹೆಚ್ಚು, ಎದುರು ಮೂಲೆಗಳಿಗೆ ಕಡಮೆ. 1974ರ ಪ್ರಶ್ನಾವಳಿಯಲ್ಲಿ ಕ್ಯಾಂಬೆಲ್ ಈ ಷಟ್ಕೋನವನ್ನೇ ಚೌಕಟ್ಟಾಗಿ ಬಳಸಿದರು. ಸಿದ್ಧಾಂತವಿಲ್ಲದೆ ಐವತ್ತು ವರ್ಷ ನಡೆದ ಅಳತೆಗೆ ಆಗ ಒಂದು ಸಿದ್ಧಾಂತ ದೊರೆಯಿತು.

ಇತ್ತೀಚಿನ ಕವಲು 'ಕೋಚಿಂಗ್'. ನಮ್ಮಲ್ಲಿ ಈ ಮಾತು ಕೇಳಿದೊಡನೆ ಸಿ.ಇ.ಟಿ. ಟ್ಯೂಷನ್ ನೆನಪಾಗುತ್ತದೆ. ಇಲ್ಲಿ ಅರ್ಥ ಬೇರೆ: ಉತ್ತರ ಹೇಳಿಕೊಡದೆ, ಪ್ರಶ್ನೆ ಕೇಳುತ್ತ, ಗುರಿ ಗೊತ್ತುಮಾಡಿಕೊಂಡು ಅತ್ತ ಸಾಗಲು ಒಬ್ಬನಿಗೆ ನೆರವಾಗುವುದು. ಆಂಥನಿ ಗ್ರಾಂಟ್ ಆಸ್ಟ್ರೇಲಿಯದ ಮೆಕ್ವಾರಿ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಪಡೆದ ಪಿಎಚ್.ಡಿ.ಯ ಪ್ರಬಂಧ ಕೋಚಿಂಗಿಗೆ ಒಂದು ಮನಶ್ಶಾಸ್ತ್ರ ಕಟ್ಟುವ ಪ್ರಯತ್ನ. ಅದಕ್ಕೆ ಒಂದು ವರ್ಷ ಮೊದಲು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆಂದೇ ಒಂದು ಘಟ ಆರಂಭವಾಗಿತ್ತು. ಇಂದು ಬ್ರಿಟನ್ ಮೊದಲಾದ ಕಡೆಗಳಲ್ಲಿ ವೃತ್ತಿ ವಿಕಾಸ ಮತ್ತು ಕೋಚಿಂಗ್ ಸ್ನಾತಕೋತ್ತರ ಅಧ್ಯಯನದ ವಿಷಯ. ಅಲ್ಲೂ ಕೊನೆಗೆ ಪ್ರಬಂಧ ಬರೆಯಲೇಬೇಕು.

ನಮ್ಮಲ್ಲಿ

ಭಾರತದಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ 1938ರಲ್ಲಿ ಅನ್ವಯಿಕ ಮನಶ್ಶಾಸ್ತ್ರದ ಶಾಖೆ ತೆರೆದು ವೃತ್ತಿ ಮಾರ್ಗದರ್ಶನದ ಕೆಲಸ ಆರಂಭಿಸಿತು. 1941ರಲ್ಲಿ ಮುಂಬಯಿಯಲ್ಲಿ ಬಾಟ್ಲಿಬಾಯ್ ಮಾರ್ಗದರ್ಶನ ಕೇಂದ್ರ ಬಂತು. ಮುದಲಿಯಾರ್ ಆಯೋಗದ ವರದಿಯ ಬೆನ್ನಿಗೆ, 1954ರಲ್ಲಿ ಕೇಂದ್ರ ಸರ್ಕಾರ ದೆಹಲಿಯಲ್ಲಿ ಶೈಕ್ಷಣಿಕ ಹಾಗೂ ವೃತ್ತಿ ಮಾರ್ಗದರ್ಶನದ ಕೇಂದ್ರ ಬ್ಯೂರೋ ಸ್ಥಾಪಿಸಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 'ಆಕಾಶವಾಣಿ' ಎಂಬ ಹೆಸರಿನೊಂದಿಗೆ ಅವರನ್ನು ನಾವು ನೆನೆಯುತ್ತೇವೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಮಾಪನತಜ್ಞರೂ ಹೌದು ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ.

ಕನ್ನಡಕ್ಕೆ ಹತ್ತಿರದ ಕೆಲಸ ನಡೆದದ್ದು ಧಾರವಾಡದ ಕಡೆ. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡಕ್ಕೂ ಮರಾಠಿಗೂ ತಂದರು. ಪ್ರಶ್ನೆಗಳನ್ನು ಅನುವಾದ ಮಾಡಿ ಬಿಡಲಿಲ್ಲ. ಇಲ್ಲಿಯ ಮಕ್ಕಳಿಗೆ ಕೊಟ್ಟು, ಯಾವ ವಯಸ್ಸಿನ ಮಗು ಯಾವ ಪ್ರಶ್ನೆಗೆ ಉತ್ತರಿಸುತ್ತದೆ ಎಂದು ನೋಡಿ, ಇಲ್ಲಿಯದೇ ಮಾನಕ ಕಟ್ಟಿದರು. ಅಮೆರಿಕದ ಮಗುವಿಗೆ ಹೋಲಿಸಿ ಧಾರವಾಡದ ಮಗುವನ್ನು ಜಾಣ ದಡ್ಡ ಎನ್ನುವುದು ಸಲ್ಲದು ಎಂಬ ವಿವೇಕ ಅದರಲ್ಲಿತ್ತು. ಆಸಕ್ತಿಯ ಪ್ರಶ್ನಾವಳಿಗಳ ವಿಷಯದಲ್ಲಿ ಈ ವಿವೇಕ ಎಲ್ಲರಿಗೂ ಇಲ್ಲ. ಅಂತರಜಾಲದಿಂದ ಇಳಿಸಿಕೊಂಡ ಪರೀಕ್ಷೆಯಲ್ಲಿ ನಮ್ಮ ಹುಡುಗಿಯ ಉತ್ತರವನ್ನು ಯಾವ ದೇಶದ, ಯಾವ ಕಾಲದ 'ಸಾಮಾನ್ಯ'ರೊಂದಿಗೆ ಹೋಲಿಸಿ ಅಂಕ ಕೊಟ್ಟಿದ್ದಾರೆ ಎಂದು ಕೇಳುವವರು ಕಡಮೆ.

ರಟ್ಟಿನ ಪೆಟ್ಟಿಗೆಯ ವಿದ್ಯಾರ್ಥಿನಿಗೆ ನಾನು ಮೂರ್ ಮತ್ತು ಕೌಡರಿಯ ಕಥೆಯನ್ನು ಹೇಳಿದೆ. ಮುಂದಿನ ವಾರ ಆಕೆ ಮತ್ತೆ ಬಂದರು. ಪ್ರಬಂಧದ ಏಳು ಉದ್ದೇಶಗಳಲ್ಲಿ ಆರನ್ನು ಹೊಡೆದು ಹಾಕಿದ್ದರು. ಉಳಿದದ್ದು ಒಂದೇ: ತಮ್ಮ ತಾಲ್ಲೂಕಿನ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿಯಲ್ಲಿರುವ ಹುಡುಗರು, ಅದೇ ತಾಲ್ಲೂಕಿನ ಅದೇ ವಯಸ್ಸಿನ ವಿಜ್ಞಾನದ ಪಿ.ಯು.ಸಿ. ಹುಡುಗರು, ಇವರಿಬ್ಬರ ಇಷ್ಟಾನಿಷ್ಟಗಳಲ್ಲಿ ವ್ಯತ್ಯಾಸ ಇದೆಯೆ? "ಐ.ಟಿ.ಐ.ನಲ್ಲಿ ಹುಡುಗಿಯರು ನಾಲ್ಕೇ ಜನ ಇದ್ದಾರೆ ಸರ್. ಅವರನ್ನ ಬಿಟ್ಟುಬಿಡಲಾ?" ಎಂದು ಕೇಳಿದರು.

ಬಿಡಬೇಡಿ, ನಾಲ್ಕು ಜನರ ಉತ್ತರವನ್ನೂ ಬೇರೆ ಪುಟದಲ್ಲಿ ಹಾಗೇ ಪೂರ್ತಿ ಅಚ್ಚುಮಾಡಿ ಎಂದೆ. ಮುಂದೆ ಬರುವ ಯಾರಿಗಾದರೂ ಅದು ಬೇಕಾಗಬಹುದು.